ಗಂಡ ಇನ್ನೂ ಹುಟ್ಟಿಲ್ಲ ಅಂದರೆ ಮದುವೆ ಇಲ್ಲವಾಗುತ್ತದಾ?

ಪ್ರಶ್ನೆ: ಟೈಮ್ ಟ್ರಾವೆಲ್ ಪ್ರೇಮಕಥೆಗಳಲ್ಲಿ ನಾಯಕಿಗೆ ಈ ಕಾಲದಲ್ಲಿ ಗಂಡ ಇರುತ್ತಾನೆ. ಅವಳು ಇನ್ನೂರು ವರ್ಷ ಹಿಂದಕ್ಕೆ ಹೋಗಿ ಇನ್ನೊಬ್ಬನ ಜೊತೆ ಸಂಸಾರ ಮಾಡುತ್ತಾಳೆ. ಅವರದ್ದು ವಿಧಿ ಕೂಡಿಸಿದ ಜೋಡಿ ಅಂತಾರೆ. ಗಂಡನಿಗೆ ಇದು ಮೋಸ ಅಲ್ವಾ?
– ಗೋಣಿಕೊಪ್ಪದ ಓದುಗರು

ಪ್ರತಿ ಮಳೆಗಾಲದಲ್ಲೂ ಈ ಪ್ರಶ್ನೆ ಬರುತ್ತದೆ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಕರೆಂಟ್ ಹೋಗುತ್ತದೆ, ದಪ್ಪ ದಪ್ಪ ಕಾದಂಬರಿಗಳು ಓದಿ ಮುಗಿಯುತ್ತವೆ, ಆಮೇಲೆ ಇದೇ ಪ್ರಶ್ನೆ. ಎಷ್ಟೋ ಸಲ ಉತ್ತರ ಕೊಟ್ಟಿದ್ದೇನೆ. ಇನ್ನೊಮ್ಮೆ ಕೊಡುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಹೆಚ್ಚಿನ ಕಥೆಗಳಲ್ಲಿ ಅದು ದ್ರೋಹವೇ. ಆದರೆ ದ್ರೋಹ ನಡೆದದ್ದು ಯಾವ ಗಳಿಗೆಯಲ್ಲಿ ಅಂತ ನೋಡಬೇಕು. ಅದನ್ನು ನೋಡದ ಹಾಗೆ ಮಾಡುವ ಒಂದು ವಾದ ಇದೆ. ಎಲ್ಲಿ ಹೋದರೂ ಅದೇ ಕಿವಿಗೆ ಬೀಳುತ್ತದೆ: 'ಗಂಡ ಇನ್ನೂ ಹುಟ್ಟೇ ಇಲ್ಲವಲ್ಲ, ಇಲ್ಲದವನಿಗೆ ಮೋಸ ಹೇಗೆ?'

ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಪೂರ್ತಿ ತಪ್ಪು.

ಮಾತು ಕೊಟ್ಟವಳು ಅವಳು. ಆ ಮಾತು ಇರುವುದು ಅವಳ ನೆನಪಿನಲ್ಲಿ. ಕ್ಯಾಲೆಂಡರ್ ಎಷ್ಟು ಹಿಂದೆ ಹೋದರೂ ಅವಳ ವಯಸ್ಸು ಮುಂದಕ್ಕೇ ಹೋಗುತ್ತಿರುತ್ತದೆ. ಮದುವೆ ಅವಳ ಪಾಲಿಗೆ ನಿನ್ನೆ ಮೊನ್ನೆ ನಡೆದದ್ದು. 1743ರಲ್ಲಿ ಕಣ್ಣು ಬಿಟ್ಟರೂ ಅದು ನಡೆದೇ ಇದೆ.

1743 ಅಂದ ಕೂಡಲೇ ಗೊತ್ತಾಗಿರಬೇಕು. ಡಯಾನಾ ಗಬಾಲ್ಡನ್ 1991ರಲ್ಲಿ ಬರೆದ 'ಔಟ್‌ಲ್ಯಾಂಡರ್' ಓದಿದವರೇ ಈ ವಾದವನ್ನು ಜಾಸ್ತಿ ಹೇಳುವುದು. ಎರಡನೇ ಮಹಾಯುದ್ಧದಲ್ಲಿ ನರ್ಸ್ ಆಗಿದ್ದ ಕ್ಲೇರ್, ಗಂಡ ಫ್ರಾಂಕ್ ಜೊತೆ ಸ್ಕಾಟ್ಲೆಂಡ್‌ಗೆ ಬಂದಿರುತ್ತಾಳೆ. ಕಲ್ಲುಗಳ ವೃತ್ತದೊಳಗೆ ಹೋದವಳು ಹಳೇ ಕಾಲಕ್ಕೆ ಬಂದು ಬೀಳುತ್ತಾಳೆ. ಅಲ್ಲಿ ಜೇಮಿಯನ್ನು ಮದುವೆಯಾಗುತ್ತಾಳೆ. ಅವಳ ಕೈಗಳನ್ನು ನೋಡಿ. ಒಂದರಲ್ಲಿ ಫ್ರಾಂಕ್ ತೊಡಿಸಿದ ಚಿನ್ನದ ಉಂಗುರ, ಇನ್ನೊಂದರಲ್ಲಿ ಜೇಮಿ ಕೊಟ್ಟ ಬೆಳ್ಳಿಯದ್ದು. ಹುಟ್ಟದವನ ಉಂಗುರ ಬೆರಳಲ್ಲೇ ಇದೆ!

ಅದಕ್ಕಿಂತ ದೊಡ್ಡ ಸಾಕ್ಷಿ ಎರಡನೇ ಪುಸ್ತಕದಲ್ಲಿದೆ. ಫ್ರಾಂಕ್‌ನ ಪೂರ್ವಿಕ ಒಬ್ಬ ಕ್ರೂರ ಸೇನಾಧಿಕಾರಿ. ಅವನನ್ನು ಕೊಲ್ಲಲು ಜೇಮಿಗೆ ನ್ಯಾಯವಾದ ಕಾರಣವೇ ಇದೆ. ಆದರೂ ಕ್ಲೇರ್ ತಡೆಯುತ್ತಾಳೆ. ಒಂದು ವರ್ಷ ಅವನು ಬದುಕಿರಲಿ, ಇಲ್ಲದಿದ್ದರೆ ಮುಂದೆ ಫ್ರಾಂಕ್ ಹುಟ್ಟುವುದೇ ಇಲ್ಲ ಅಂತ ಬೇಡಿಕೊಳ್ಳುತ್ತಾಳೆ. ಇಲ್ಲದ ಗಂಡನಿಗೋಸ್ಕರ ಇರುವ ಗಂಡನ ಹತ್ತಿರ ಯಾರಾದರೂ ಇಷ್ಟು ದೊಡ್ಡದನ್ನು ಕೇಳುತ್ತಾರಾ? ಫ್ರಾಂಕ್ ಲೆಕ್ಕಕ್ಕಿಲ್ಲ ಅಂತ ನೀವು ಹೇಳಬಹುದು, ಕ್ಲೇರ್ ಹೇಳುವುದಿಲ್ಲ.

ಕೊಡಗಿನ ಓದುಗರೂ ಈ ವಾದಕ್ಕೆ ತಲೆದೂಗುತ್ತಾರಲ್ಲ, ಅದು ನನಗೆ ಅರ್ಥವೇ ಆಗುವುದಿಲ್ಲ. ನಮ್ಮ ಐನ್‌ಮನೆಗಳಲ್ಲಿ, ಅಂದರೆ ಕುಲದ ಮೂಲಮನೆಗಳಲ್ಲಿ, ನೆಲ್ಲಕ್ಕಿ ನಡುಬಾಡೆಯ (ನಡುಮನೆಯ) ದೀಪ ಯಾರಿಗೆ? ಕಾರಣಂಗ್ ಕೊಡ್ಪ ದಿನ ಎಡೆ ಇಡುವುದು ಯಾರಿಗೆ? ಎಂದೋ ತೀರಿಹೋದ ಹಿರಿಯರಿಗೆ. ಅವರು ಈಗ ಇಲ್ಲ, ಆದ್ದರಿಂದ ನಮಗೂ ಅವರಿಗೂ ಏನೂ ಇಲ್ಲ ಅಂತ ಒಕ್ಕದಲ್ಲಿ (ಒಂದೇ ಮೂಲದ ಕುಟುಂಬದಲ್ಲಿ) ಯಾರಾದರೂ ಹೇಳಿದ್ದುಂಟಾ? ಹಿಂದಿನವರ ಜೊತೆ ಕಾಲ ದಾಟಿ ಸಂಬಂಧ ಉಳಿಯುತ್ತದೆ ಅಂತ ನಂಬುವವರು, ಮುಂದಿನವರ ಜೊತೆ ಉಳಿಯುವುದಿಲ್ಲ ಅನ್ನುವುದು ಯಾವ ನ್ಯಾಯ? ನಮ್ಮ ಕೊಡವ ಮದುವೆಯಲ್ಲಿ ಸಂಬಂಧ ಅಡ್ಕುವ ಶಾಸ್ತ್ರ ನಡೆಯುವಾಗ ಎರಡೂ ಒಕ್ಕದ ಪ್ರತಿನಿಧಿಗಳಾದ ಅರುವರು ಎದುರುಬದುರು ನಿಂತು ಮಾತಾಡುತ್ತಾರೆ, ಪುಟ್ಟ ಕಲ್ಲುಗಳು ಕೈಯಿಂದ ಕೈಗೆ ಹೋಗುತ್ತವೆ. ಹೆಣ್ಣಿಗೆ ಹೊಸ ಒಕ್ಕದಲ್ಲಿ ಹಕ್ಕು ಸಿಗುವುದು ಹಾಗೆ, ನಾಲ್ಕು ಜನರ ಎದುರು ಆಡಿದ ಮಾತಿನಿಂದ. ಇಸವಿ ಬದಲಾದರೆ ಆ ಮಾತು ಅಳಿಸಿಹೋಗುವುದಿಲ್ಲ.

ಹಾಗಾದರೆ ಕ್ಲೇರ್ ತಪ್ಪಿದ್ದು ಎಲ್ಲಿ? ಜೇಮಿಯನ್ನು ಮದುವೆಯಾದಾಗ ಅಲ್ಲ. ಅದು ಆ ಅಧಿಕಾರಿಯ ಕೈಗೆ ಸಿಗದಂತೆ ಉಳಿಯಲು ಇದ್ದ ಒಂದೇ ದಾರಿ. ಆಮೇಲೆ ಜೇಮಿಯೇ ಅವಳನ್ನು ಕಲ್ಲುಗಳ ಹತ್ತಿರ ಕರೆತಂದು, ಹೋಗುವುದಾದರೆ ಹೋಗು ಅನ್ನುತ್ತಾನೆ. ದಾರಿ ತೆರೆದಿದೆ. ಅವಳು ಉಳಿಯುತ್ತಾಳೆ. ಫ್ರಾಂಕ್‌ಗೆ ಕೊಟ್ಟ ಮಾತು ಮುರಿದದ್ದು ಆ ಗಳಿಗೆಯಲ್ಲಿ. ಲೇಖಕಿ ಅದನ್ನು ಮುಚ್ಚಿಡದೆ ಬರೆದಿದ್ದಾರೆ. ಮುಂದೆ ಕ್ಲೇರ್ ಬಸುರಿಯಾಗಿ ವಾಪಸ್ ಬಂದಾಗ ಫ್ರಾಂಕ್ ಆ ಮಗುವನ್ನು ತನ್ನದೇ ಅಂತ ಬೆಳೆಸುತ್ತಾನೆ. ಇಡೀ ಕಥೆಯಲ್ಲಿ ನನಗೆ ಅತಿ ದೊಡ್ಡವನಾಗಿ ಕಾಣುವುದು ಅವನೇ.

ಇನ್ನು ವಿಧಿ. ಆಡ್ರಿ ನಿಫೆನೆಗ್ಗರ್ ಅವರ 'ದಿ ಟೈಮ್ ಟ್ರಾವೆಲರ್ಸ್ ವೈಫ್' (2003) ನೋಡಿ. ಕಾಲದಲ್ಲಿ ಹಿಂದೆ ಮುಂದೆ ಹೋಗಿಬರುವ ಹೆನ್ರಿ ತನ್ನ ಗಂಡನಾಗುವವನು ಅಂತ ಕ್ಲೇರ್‌ಗೆ (ಇವಳು ಬೇರೆ ಕ್ಲೇರ್) ಹುಡುಗಿಯಾಗಿದ್ದಾಗಲೇ ಗೊತ್ತು. ಇದಕ್ಕಿಂತ ಗಟ್ಟಿ ವಿಧಿ ಬೇಕಾ? ಆದರೆ ಅವರಿಬ್ಬರು ಲೈಬ್ರರಿಯಲ್ಲಿ ಎದುರಾದಾಗ ಹೆನ್ರಿ ಬದುಕಿನಲ್ಲಿ ಇಂಗ್ರಿಡ್ ಅನ್ನುವ ಹೆಣ್ಣು ಇದ್ದಾಳೆ. ಅವಳು ಒಂಟಿಯಾಗುತ್ತಾಳೆ, ಕೊನೆಗೆ ಜೀವವನ್ನೇ ಕಳೆದುಕೊಳ್ಳುತ್ತಾಳೆ. ವಿಧಿ ಇಬ್ಬರನ್ನು ಕೂಡಿಸಿತು ನಿಜ, ಇಂಗ್ರಿಡ್‌ಗೆ ಆದ ನೋವನ್ನು ಅದು ಕಮ್ಮಿ ಮಾಡಲಿಲ್ಲ. ಮೂರನೆಯವರ ನೋವನ್ನು ಕಾಣಿಸದೆ 'ಎಲ್ಲಾ ಹಣೆಬರಹ' ಅಂತ ಮುಗಿಸುವ ಕಥೆಗಳನ್ನು ನಾನು ಯಾರಿಗೂ ಓದಲು ಕೊಡುವುದಿಲ್ಲ.

ಯಾರೂ ನೇರವಾಗಿ ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. ಇಂಥ ಕಥೆಯನ್ನು ನಮ್ಮಲ್ಲೇ ಬರೆದರೆ ನಾಯಕಿಯನ್ನು ಯಾವ ಇಸವಿಗೆ ಕಳಿಸಬೇಕು? ನನ್ನ ಆಯ್ಕೆ 1833. ಮಾರನೇ ವರ್ಷ, 1834ರಲ್ಲಿ, ಬ್ರಿಟಿಷರು ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡರು. ಕ್ಲೇರ್‌ಗೆ 1746ರ ಕಲೋಡನ್ ಯುದ್ಧದಲ್ಲಿ ಜೇಮಿ ಕಡೆಯವರ ಸೋಲು ಮೊದಲೇ ಗೊತ್ತಿದ್ದ ಹಾಗೆ ನಮ್ಮವಳಿಗೆ ಇದು ಗೊತ್ತಿರುತ್ತದೆ. ಮಡಿಕೇರಿಯಲ್ಲಿ 1820ರ ಓಂಕಾರೇಶ್ವರ ದೇವಸ್ಥಾನ ಅವಳಿಗೆ ಗುರುತು ಸಿಗುತ್ತದೆ, ಕೋಟೆಯೊಳಗಿನ ಅರಮನೆಯೂ ಸಿಗುತ್ತದೆ. ಆದರೆ ಬೆಟ್ಟದ ತುಂಬ ಕಾಫಿ ತೋಟ, ಸಿಲ್ವರ್ ಓಕ್ ಸಾಲು ಬರೆಯಬೇಡಿ. ಯುರೋಪಿಯನ್ನರ ಎಸ್ಟೇಟ್‌ಗಳು ಶುರುವಾದದ್ದು 1850ರ ದಶಕದಲ್ಲಿ. ಅವಳಿಗೆ ಕಾಣುವುದು ಗದ್ದೆ, ಕಾಡು, ಏಲಕ್ಕಿ.

ಅಲ್ಲಿ ಎದುರಾದವರು ಮೊದಲು ಕೇಳುವುದು 'ಯಾವ ಒಕ್ಕ?' ಅಂತ. ಗಂಡನ ಒಕ್ಕದ ಹೆಸರು ಹೇಳಿದರೆ ಆ ಮನೆಯವರೇ ಎದುರು ನಿಂತಿರಬಹುದು. ತವರಿನ ಹೆಸರು ಹೇಳಿದರೆ ಆ ಹಿರಿಯರಿಗೆ ತಮ್ಮ ಮನೆ ಹೆಣ್ಣುಮಕ್ಕಳೆಲ್ಲ ಗೊತ್ತು. ಅಲ್ಲದೆ ಒಂದೇ ಒಕ್ಕದಲ್ಲಿ ಮದುವೆ ಇಲ್ಲ, ಹಾಗಾಗಿ ನಾಯಕನನ್ನು ಅವಳ ತವರಿನವನಾಗಿ ಮಾಡುವಂತಿಲ್ಲ. ಗಂಡನ ಒಕ್ಕದವನಾಗಿ ಮಾಡಿದರೆ ಅವನು ಗಂಡನ ಮನೆಯಲ್ಲಿ ಅವಳೇ ದೀಪ ಹಚ್ಚಿ ಕೈಮುಗಿದ ಹಿರಿಯರಲ್ಲಿ ಒಬ್ಬನಾಗಿರುತ್ತಾನೆ. ಬರೆಯಲು ಕೂರುವವರು ಮೊದಲು ಇದನ್ನು ತೀರ್ಮಾನ ಮಾಡಿಕೊಳ್ಳಿ. ಆಮೇಲೆ ಹಸ್ತಪ್ರತಿ ಕಳಿಸಿ, ಖಂಡಿತ ಓದುತ್ತೇನೆ.