ಹುಡುಗಿಯರ ಸಾಕರ್‌ಗೆ ದುಡ್ಡು ಬಂದದ್ದು ಗಂಡಸರ ಆಟದ ಲೆಕ್ಕದಲ್ಲಿ

ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಮಹಿಳಾ ಸಾಕರ್ (ನಾವು ಫುಟ್‌ಬಾಲ್ ಎನ್ನುವ ಆಟ) ತಂಡ 22 ಸಲ ಎನ್‌ಸಿಎಎ, ಅಂದರೆ ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯ, ಚಾಂಪಿಯನ್ ಆಗಿದೆ. ಕೊನೆಯ ಗೆಲುವು 2024ರದು. ಇಷ್ಟು ಗೆದ್ದ ತಂಡವೂ ತನ್ನ ಖರ್ಚನ್ನು ತಾನೇ ದುಡಿದುಕೊಂಡದ್ದಲ್ಲ. ಅಲ್ಲಿ ಕಾಲೇಜು ಕ್ರೀಡೆಗೆ ದುಡ್ಡು ತರುವುದು ಮುಖ್ಯವಾಗಿ ಅಮೆರಿಕನ್ ಫುಟ್‌ಬಾಲ್ ಮತ್ತು ಗಂಡಸರ ಬಾಸ್ಕೆಟ್‌ಬಾಲ್.

1972ರಲ್ಲಿ ಟೈಟಲ್ ನೈನ್ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಕಾಲೇಜು ಹೆಣ್ಣುಗಂಡು ಭೇದ ಮಾಡುವಂತಿಲ್ಲ ಎಂದಿತು. ಅಮೆರಿಕನ್ ಫುಟ್‌ಬಾಲ್‌ಗೆ 85 ಪೂರ್ತಿ ಸ್ಕಾಲರ್‌ಶಿಪ್ ಕೊಡುತ್ತಿದ್ದ ದೊಡ್ಡ ಕಾಲೇಜುಗಳು ಅದಕ್ಕೆ ಸರಿದೂಗಿಸಲು ಹೆಣ್ಣುಮಕ್ಕಳಿಗೆ ಏನು ಕೊಡಬೇಕು? ಸಾಕರ್ ಅನುಕೂಲವಾಗಿತ್ತು. ಮೈದಾನ ಇದ್ದೇ ಇರುತ್ತೆ, ಸಾಮಾನಿನ ಖರ್ಚು ಕಡಿಮೆ, ಒಂದು ತಂಡದಲ್ಲೇ ಜಾಸ್ತಿ ಹುಡುಗಿಯರಿಗೆ ಜಾಗ. 1982ರಲ್ಲಿ ಸುಮಾರು 80 ಇದ್ದ ತಂಡಗಳು ಈಗ ಸಾವಿರ ದಾಟಿವೆ. ಗಂಡಸರ ಸಾಕರ್‌ಗೆ ಒಂದು ತಂಡಕ್ಕೆ 9.9 ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ಮಿತಿ ಇದ್ದಾಗ ಹೆಂಗಸರಿಗೆ 14 ಸಿಕ್ಕಿದ್ದು ಪ್ರೀತಿಯಿಂದಲ್ಲ, ಈ ಲೆಕ್ಕದಿಂದ. ಆ 14ನ್ನೂ ಇಪ್ಪತ್ತೈದು ಮೂವತ್ತು ಜನಕ್ಕೆ ಹಂಚಬೇಕಿತ್ತು.

ಕೋಚ್‌ಗಳ ಕಥೆಯೂ ಹೀಗೇ. ನಾರ್ತ್ ಕ್ಯಾರೊಲಿನಾದಲ್ಲಿ ಗಂಡಸರ ತಂಡದ ಕೋಚ್ ಆಗಿದ್ದ ಆನ್ಸನ್ ಡೊರೆನ್ಸ್ ಅವರಿಗೇ 1979ರಲ್ಲಿ ಹೆಣ್ಣುಮಕ್ಕಳ ತಂಡವನ್ನೂ ವಹಿಸಿದರು. 1988ರವರೆಗೆ ಎರಡನ್ನೂ ಅವರೇ ನೋಡಿಕೊಂಡರು. 1991ರಲ್ಲಿ ಅಮೆರಿಕಕ್ಕೆ ಮೊದಲ ಮಹಿಳಾ ವಿಶ್ವಕಪ್ ಗೆಲ್ಲಿಸಿಕೊಟ್ಟ ಕೋಚ್ ಕೂಡ ಅವರೇ. 2024ರಲ್ಲಿ ನಿವೃತ್ತರಾದರು. ಒಂದು ವಿಚಿತ್ರ ನೋಡಿ: 1972ಕ್ಕೆ ಮುಂಚೆ ಹೆಣ್ಣುಮಕ್ಕಳ ತಂಡಗಳಲ್ಲಿ ಶೇಕಡಾ 90ಕ್ಕೂ ಹೆಚ್ಚಕ್ಕೆ ಹೆಂಗಸರೇ ಕೋಚ್. ಸಂಬಳ ಬರತೊಡಗಿದ ಮೇಲೆ ಗಂಡಸರು ಬಂದರು. ಈಗ ಹೆಂಗಸರ ಪಾಲು ಅರ್ಧಕ್ಕಿಂತ ಕಡಿಮೆ.

ಓದಿನ ವಿಷಯದಲ್ಲಿ ಈ ಹುಡುಗಿಯರ ಬಗ್ಗೆ ದೂರು ಕಡಿಮೆ. ಎನ್‌ಸಿಎಎ ಪ್ರತಿ ತಂಡಕ್ಕೂ ಸಾವಿರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಸ್ಕಾಲರ್‌ಶಿಪ್ ಪಡೆದವರು ಪಾಸಾಗುತ್ತಿದ್ದಾರಾ, ಕಾಲೇಜಿನಲ್ಲೇ ಉಳಿದಿದ್ದಾರಾ ಎಂದು ನೋಡುತ್ತದೆ. 930ಕ್ಕಿಂತ ಕೆಳಗಿಳಿದರೆ ಶಿಕ್ಷೆ. ಮಹಿಳಾ ಸಾಕರ್ ತಂಡಗಳು ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಮೇಲಿರುತ್ತವೆ. ಆದರೆ ಅಂಕವನ್ನೇ ನಂಬಿ ಕೂರುವ ಹಾಗಿಲ್ಲ. ಇದೇ ನಾರ್ತ್ ಕ್ಯಾರೊಲಿನಾದಲ್ಲಿ ವರ್ಷಗಟ್ಟಲೆ ಪಾಠವೇ ನಡೆಯದ ಕೋರ್ಸ್‌ಗಳಿದ್ದವು ಎಂದು 2014ರ ತನಿಖಾ ವರದಿ ಹೇಳಿತು. 3,100 ವಿದ್ಯಾರ್ಥಿಗಳು ಅವನ್ನು ತಗೊಂಡಿದ್ದರು, ಅರ್ಧದಷ್ಟು ಜನ ಬೇರೆ ಬೇರೆ ಆಟಗಳ ಕ್ರೀಡಾಪಟುಗಳು.

ಈಗ ಹೊಸ ತಲೆನೋವು ಓಡಾಟದ್ದು. 2024ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್, ಬರ್ಕ್ಲಿ ನಾರ್ತ್ ಕ್ಯಾರೊಲಿನಾ ಆಡುವ ಲೀಗ್‌ಗೇ ಸೇರಿದವು. ಅಮೆರಿಕನ್ ಫುಟ್‌ಬಾಲ್‌ನ ಟಿವಿ ಹಣಕ್ಕಾಗಿ ಆದ ಏರ್ಪಾಡಿಗೆ ಸಾಕರ್ ಹುಡುಗಿಯರೂ ಕ್ಲಾಸ್ ಬಿಟ್ಟು ದೇಶದ ಆ ತುದಿಗೆ ಹಾರಬೇಕು.

ಎನ್‌ಸಿಎಎ ಮತ್ತು ಕ್ರೀಡಾಪಟುಗಳ ನಡುವೆ ಆಗಿ 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿ ಎಲ್ಲವನ್ನೂ ಬದಲಿಸಿತು. ಅದಕ್ಕೆ ಒಪ್ಪಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಯಿತು, ಸಾಕರ್ ತಂಡಕ್ಕೆ 28 ಜನ ಎಂಬ ಮಿತಿ ಬಂತು. ಜೊತೆಗೆ ಮೊದಲ ವರ್ಷ ಒಂದು ಕಾಲೇಜು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರ ಹಂಚಬಹುದು ಎಂದಾಯಿತು. ಸಿಂಹಪಾಲು ಯಾರಿಗೆ ಅಂತ ಊಹಿಸಬಹುದು, ಅಲ್ವಾ? ಹಿಂದಿನ ವರ್ಷಗಳ ಬಾಕಿಯಾಗಿ ಕೊಡಲಿರುವ 280 ಕೋಟಿ ಡಾಲರ್ ಪರಿಹಾರದಲ್ಲೂ ಅದೇ ಹಂಚಿಕೆ. ಇದು ಟೈಟಲ್ ನೈನ್‌ಗೆ ವಿರುದ್ಧ ಎಂದು ಒಂದು ವಾರದೊಳಗೆ ಎಂಟು ಮಹಿಳಾ ಕ್ರೀಡಾಪಟುಗಳು ಮೇಲ್ಮನವಿ ಹಾಕಿದರು. ಅವರಲ್ಲಿ ಸಾಕರ್ ಆಡಿದವರೂ ಇದ್ದಾರೆ.