ಹೊಟ್ಟೆ ಉಬ್ಬುವುದು ಬೇರೆ, ತೂಕ ಏರುವುದು ಬೇರೆ

ನಮ್ಮ ಬಳ್ಳಾರಿ ಕಡೆ ಎಲ್ಲದಕ್ಕೂ ಒಂದೇ ಮಾತು: "ನನಗ ಅದು ಆಗಿ ಬರಂಗಿಲ್ಲ." ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವವರೂ ಹೀಗೇ ಹೇಳುತ್ತಾರೆ, ಶೇಂಗಾ ತಿಂದು ತುಟಿ ಊದಿಸಿಕೊಂಡವರೂ ಹೀಗೇ ಹೇಳುತ್ತಾರೆ. ನರ್ಸಿಂಗ್ ನ್ಯೂಟ್ರಿಷನ್ ಪೇಪರ್‌ಗೆ ಓದುವಾಗ ಮಾತ್ರ ಇವನ್ನು ಬೇರೆ ಮಾಡಿಕೊಳ್ಳಲೇಬೇಕು.

ಬೇಗ ಹೇಳಿಬಿಡುತ್ತೇನೆ. ಅಲರ್ಜಿಯಲ್ಲಿ ನಮ್ಮ ರೋಗನಿರೋಧಕ ಶಕ್ತಿ ಆಹಾರವನ್ನೇ ಶತ್ರು ಅಂದುಕೊಳ್ಳುತ್ತದೆ. ಐಜಿಇ ಎಂಬ ಪ್ರತಿಕಾಯ, ಅದರಿಂದ ಹೊರಬರುವ ಹಿಸ್ಟಮಿನ್ ಎಂಬ ರಾಸಾಯನಿಕ, ಆಮೇಲೆ ದದ್ದು, ಊತ, ಕೆಲವೊಮ್ಮೆ ಉಸಿರು ಕಟ್ಟುವುದು. ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಕಾಣಿಸುತ್ತದೆ, ಚಿಟಿಕೆ ಶೇಂಗಾ ಪುಡಿಯೂ ಸಾಕಾಗಬಹುದು. ಇಂಟಾಲರೆನ್ಸ್, ಅಂದರೆ ಆಹಾರ ಒಗ್ಗದಿರುವುದು, ಹೆಚ್ಚಾಗಿ ಜೀರ್ಣದ ಸಮಸ್ಯೆ, ಎಷ್ಟು ತಿಂದಿರಿ ಎನ್ನುವುದು ಅಲ್ಲಿ ಮುಖ್ಯ. ಸೀಲಿಯಾಕ್ ಎಂಬ ಕಾಯಿಲೆ ಇವೆರಡೂ ಅಲ್ಲ. ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಹೊಟ್ಟೆಗೆ ಬಂದರೆ ದೇಹ ತನ್ನ ಸಣ್ಣ ಕರುಳಿನ ಮೇಲೇ ಬೀಳುತ್ತದೆ.

ಇನ್ನು ನಾನು ಮುಗ್ಗರಿಸಿದ ಜಾಗ. ನನ್ನ ರೂಮ್‌ಮೇಟ್‌ಗೆ ಹಾಲು ಆಗುವುದಿಲ್ಲ. ಒಂದು ಸಂಜೆ ಎರಡು ಲೋಟ ಕುಡಿದು, ಹೊಟ್ಟೆ ತಮಟೆ ಮಾಡಿಕೊಂಡು, ಲ್ಯಾಬ್‌ನ ತೂಕದ ಮೆಷಿನ್ ಹತ್ತಿ ಕೂಗಿದಳು: "ಎರಡು ಕೆಜಿ ಏರೀನಿ ನೋಡು!" ನಾನೂ ನೋಟ್ಸ್‌ನಲ್ಲಿ ಬರೆದುಕೊಂಡೆ: ಲ್ಯಾಕ್ಟೋಸ್ ಇಂಟಾಲರೆನ್ಸ್, ಹೊಟ್ಟೆ ಉಬ್ಬರ, ತೂಕ ಏರಿಕೆ. ಮೇಡಂ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದರು. ಯಾಕೆ ಅಂತ ಹೇಳಲಿಲ್ಲ. ರಾತ್ರಿ ಕೂತು ಬಿಡಿಸಿದೆ.

ಹಾಲಿನ ಸಕ್ಕರೆ ಲ್ಯಾಕ್ಟೋಸ್. ಅದನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಎಷ್ಟೋ ಜನರಲ್ಲಿ ಹಾಲು ಬಿಡಿಸಿದ ವಯಸ್ಸಿನ ನಂತರ ಕಡಿಮೆಯಾಗುತ್ತಾ ಹೋಗುತ್ತದೆ. ಒಡೆಯದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿಯುತ್ತದೆ. ಅದು ಕರುಳಿನೊಳಗೆ ನೀರು ಎಳೆದುಕೊಳ್ಳುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿ ಬರಿಸಿ ಗ್ಯಾಸ್ ಮಾಡುತ್ತವೆ. ನೀರೂ ಬಂತು, ಗ್ಯಾಸೂ ಬಂತು, ಹಾಗಾದರೆ ತೂಕ ಜಾಸ್ತಿ ಆಗಬೇಕಲ್ವಾ? ಇಲ್ಲಿಯೇ ನಾನು ಬಿದ್ದದ್ದು.

ಆ ನೀರು ಬಂದದ್ದು ಎಲ್ಲಿಂದ? ನಮ್ಮ ದೇಹದಿಂದಲೇ. ಎಡ ಜೇಬಿನ ದುಡ್ಡು ಬಲ ಜೇಬಿಗೆ ಹೋದಂತೆ, ಒಟ್ಟು ಅಷ್ಟೇ. ಗ್ಯಾಸ್ ಹುಟ್ಟಿದ್ದು ಎಲ್ಲಿಂದ? ಆಗಲೇ ಕುಡಿದ ಹಾಲಿನಿಂದ. ದೋಸೆ ಹಿಟ್ಟು ನೆನಪಿಸಿಕೊಳ್ಳಿ. ರಾತ್ರಿ ಅರ್ಧ ಪಾತ್ರೆ ಇದ್ದದ್ದು ಬೆಳಿಗ್ಗೆ ಉಕ್ಕಿ ಹೊರಗೆ ಬರುತ್ತದೆ. ತಕ್ಕಡಿಗೆ ಇಟ್ಟರೆ? ನಿನ್ನೆಯಷ್ಟೇ. ಉಬ್ಬಿದ್ದು ಗಾತ್ರ, ತೂಕವಲ್ಲ.

ಮತ್ತೆ ಆ ಎರಡು ಕೆಜಿ? ನನ್ನ ನೆಚ್ಚಿನ ಲೆಕ್ಕ ಇಲ್ಲಿದೆ, ಪರೀಕ್ಷೆಗೆ ಬರದಿದ್ದರೂ ಸರಿ. ಒಂದು ಕೆಜಿ ಕೊಬ್ಬು ಸೇರಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ಬೇಕು. ಎರಡು ಕೆಜಿಗೆ 15,400. 40 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಗೆ 140 ಅಂದುಕೊಳ್ಳಿ. ಅಂದರೆ ಮಾಮೂಲಿ ಊಟದ ಮೇಲೆ 110 ರೊಟ್ಟಿ, ಒಂದೇ ದಿನದಲ್ಲಿ! ಕೇಳಿ ನೋಡಿದರೆ ಅವಳು ಹಿಂದಿನ ಸಲ ತೂಗಿಸಿದ್ದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಈ ಸಲ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು, ಖಾರಕ್ಕೆ ಲೀಟರ್ ನೀರು ಕುಡಿದು, ಮೇಲೆ ಹಾಲು. ಒಂದು ಲೀಟರ್ ನೀರೇ ಒಂದು ಕೆಜಿ. ಭೇದಿಯಾದಾಗ ತೂಕ ಇಳಿಯುವುದೂ ಹೀಗೇ, ನೀರು ಹೋಗಿರುತ್ತದೆ, ಕೊಬ್ಬಲ್ಲ.

ನಿಜವಾಗಿ ತೂಕ ಇಳಿಸುವುದು ಸೀಲಿಯಾಕ್. ಆಹಾರ ಹೀರುವ ಸಣ್ಣ ಕರುಳಿನ ಬೆರಳಿನಂಥ ಚಾಚುಗಳು (ವಿಲ್ಲೈ) ಚಪ್ಪಟೆಯಾಗುತ್ತವೆ, ತಿಂದದ್ದು ಮೈಗೆ ಹತ್ತುವುದಿಲ್ಲ, ರಕ್ತಹೀನತೆಯೂ ಬರಬಹುದು. ಆದರೆ ದಪ್ಪ ಇರುವವರಿಗೆ ಸೀಲಿಯಾಕ್ ಇರುವುದಿಲ್ಲ ಎಂದು ಬರೆಯಬೇಡಿ, ಇರಬಹುದು. ಗ್ಲುಟನ್ ಬಿಟ್ಟ ಮೇಲೆ ಕರುಳು ಸುಧಾರಿಸಿ ತೂಕ ಏರಿದರೆ, ತೆಳ್ಳಗಿದ್ದವರಿಗೆ ಅದು ಒಳ್ಳೆಯ ಸುದ್ದಿ. ಜೋಳ, ಸಜ್ಜೆ, ರಾಗಿ, ಅಕ್ಕಿಯಲ್ಲಿ ಗ್ಲುಟನ್ ಇಲ್ಲ, ನಮ್ಮ ಕಡೆಯವರಿಗೆ ಅದೊಂದು ಅನುಕೂಲ. ಆದರೆ ಗಿರಣಿಯಲ್ಲಿ ನಮ್ಮ ಜೋಳಕ್ಕಿಂತ ಮುಂಚೆ ಯಾರದೋ ಗೋಧಿ ಬೀಸಿರುತ್ತಾರೆ, ಅಲ್ಲಿ ಕೆಟ್ಟಿತು. ಡಬ್ಬಿಯ ಇಂಗಿನಲ್ಲೂ ಎಷ್ಟೋ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಇನ್ನೊಂದು: ಸೀಲಿಯಾಕ್ ಪತ್ತೆಗೆ ಮಾಡುವ ಟಿಟಿಜಿ ರಕ್ತಪರೀಕ್ಷೆ ಆಗುವವರೆಗೆ ಗೋಧಿ ಬಿಡಬಾರದು, ಬಿಟ್ಟರೆ ಕಾಯಿಲೆ ಇದ್ದರೂ ಫಲಿತಾಂಶ ಇಲ್ಲ ಎಂದು ಬರಬಹುದು.

ಮಕ್ಕಳಲ್ಲಿ ತೊಂದರೆ ಬೇರೆ ಥರ. ಹಾಲಿನ ಅಲರ್ಜಿ ಅಂತ ಹಾಲು ನಿಲ್ಲಿಸಿ, ಬದಲಿಗೆ ಏನೂ ಕೊಡದಿದ್ದರೆ ಎತ್ತರ, ತೂಕ ಎರಡೂ ಹಿಂದೆ ಬೀಳಬಹುದು.

ತೂಕ ಏರುವುದು ಹೆಚ್ಚಾಗಿ ಬಳಸುದಾರಿಯಲ್ಲಿ. ಹಾಲು ಬಿಟ್ಟು ಸಿಹಿ ಜ್ಯೂಸ್ ಹಿಡಿಯುವುದು, ಗ್ಲುಟನ್ ಇಲ್ಲ ಅಂತ ಬಿಸ್ಕತ್ತು ಬಿಡದೆ ತಿನ್ನುವುದು. ಸಿಪ್ರೊಹೆಪ್ಟಡೀನ್ ಎಂಬ ಹಳೆಯ ಅಲರ್ಜಿ ಮಾತ್ರೆ ಹಸಿವು ಹೆಚ್ಚಿಸುತ್ತದೆ. ಸ್ಟೀರಾಯ್ಡ್ ಮಾತ್ರೆ ತುಂಬಾ ದಿನ ತಗೊಂಡರೂ ಅಷ್ಟೇ.

ಲ್ಯಾಕ್ಟೋಸ್ ಆಗದವರೆಲ್ಲ ಹಾಲನ್ನು ಪೂರ್ತಿ ಬಿಡಬೇಕಿಲ್ಲ. ಸುಮಾರು 12 ಗ್ರಾಂ ಲ್ಯಾಕ್ಟೋಸ್, ಅಂದರೆ ಒಂದು ದೊಡ್ಡ ಲೋಟ ಹಾಲು, ಹಲವರಿಗೆ ಹೆಚ್ಚು ತೊಂದರೆ ಕೊಡುವುದಿಲ್ಲ. ಮೊಸರು, ಮಜ್ಜಿಗೆ ಇನ್ನೂ ಸಲೀಸು. ನನ್ನ ರೂಮ್‌ಮೇಟ್ ಈಗ ಮೊಸರಿಗೆ ಬಂದಿದ್ದಾಳೆ. ಹೊಟ್ಟೆ ಉಬ್ಬರ ಇಳಿದಿದೆ. ತೂಕ ಮಾತ್ರ ಇದ್ದಷ್ಟೇ ಇದೆ, ಅದಕ್ಕೆ ಅವಳಿಗೆ ನನ್ನ ದೋಸೆ ಹಿಟ್ಟಿನ ಮೇಲೆ ಸಿಟ್ಟು.