ಹೆಬ್ಬೆರಳ ಬುಡದ ಸವೆತ: ಮೂಳೆ ತೆಗೆದರೆ ಸಾಕೇ, ಇನ್ನೇನಾದರೂ ಬೇಕೇ?

ಕಾಯಿ ತುರಿಯುವಾಗ, ಬಟ್ಟೆ ಹಿಂಡುವಾಗ, ಬಾಟಲಿ ಮುಚ್ಚಳ ತಿರುಗಿಸುವಾಗ ಹೆಬ್ಬೆರಳಿನ ಬುಡದಲ್ಲಿ ಚುಳ್ ಅನ್ನುವ ನೋವು. ಐವತ್ತು ದಾಟಿದ ಹೆಂಗಸರಲ್ಲಿ ಇದು ಜಾಸ್ತಿ. ‘ವಯಸ್ಸಾಯ್ತಲ್ಲ, ಇರುತ್ತೆ ಬಿಡು’ ಅಂತ ಎಲ್ಲರೂ ಸುಮ್ಮನಾಗಿಬಿಡುತ್ತಾರೆ. ಆದರೆ ಇದಕ್ಕೆ ಆಪರೇಷನ್ ಬಂದು ಮುಕ್ಕಾಲು ಶತಮಾನವೇ ಆಯಿತು.

ನೋವು ಅಲ್ಲೇ ಯಾಕೆ? ಮಣಿಕಟ್ಟಿನಲ್ಲಿ ಟ್ರೆಪೀಜಿಯಂ ಎಂಬ ಪುಟ್ಟ ಮೂಳೆ ಇದೆ. ಹೆಬ್ಬೆರಳಿನ ಬುಡದ ಮೂಳೆ ಅದರ ಮೇಲೆ, ಜೀನಿನ ಮೇಲೆ ಸವಾರ ಕೂತ ಹಾಗೆ ಕೂತಿರುತ್ತದೆ. ಅದಕ್ಕೇ ಹೆಬ್ಬೆರಳು ಅಷ್ಟು ಸಲೀಸಾಗಿ ಎಲ್ಲ ಕಡೆ ತಿರುಗುವುದು. ಆದರೆ ಭಾರವೆಲ್ಲ ಬೀಳುವುದೂ ಅಲ್ಲೇ. 1977ರಲ್ಲಿ ಅಮೆರಿಕದ ಕೂನಿ ಮತ್ತು ಚಾವೊ ಲೆಕ್ಕ ಹಾಕಿ ತೋರಿಸಿದರು: ಬೆರಳ ತುದಿಯಲ್ಲಿ 1 ಕಿಲೋದಷ್ಟು ಚಿವುಟಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ಒತ್ತಡ. ದಿನಕ್ಕೆ ಎಷ್ಟು ಸಲ ಚಿವುಟುತ್ತೇವೆ, ಅಲ್ವಾ? ವರ್ಷಗಟ್ಟಲೆ ಹೀಗೇ ಆದಾಗ ಮೂಳೆಯ ಮೇಲಿನ ನುಣುಪು ಪದರ ಸವೆದು, ಮೂಳೆಗೆ ಮೂಳೆ ಉಜ್ಜುತ್ತದೆ.

1949ರಲ್ಲಿ ಬ್ರಿಟನ್ನಿನ ಒಂದೇ ವೈದ್ಯಕೀಯ ಪತ್ರಿಕೆಯಲ್ಲಿ ಎರಡು ದಾರಿಗಳು ಕಾಣಿಸಿಕೊಂಡವು. ಮುಲ್ಲರ್ ಕೀಲನ್ನೇ ಬೆಸೆದುಬಿಟ್ಟರು. ನೋವು ಹೋಗುತ್ತದೆ, ಆದರೆ ಅಂಗೈ ಮೇಜಿನ ಮೇಲೆ ಚಪ್ಪಟೆಯಾಗಿ ಇಡುವುದು ಕಷ್ಟ. ಗರ್ವಿಸ್ ಮಾಡಿದ್ದು ಇನ್ನೂ ಸರಳ: ಟ್ರೆಪೀಜಿಯಂ ಅನ್ನೇ ತೆಗೆದುಹಾಕಿದರು. ಖಾಲಿಯಾದ ಜಾಗದಲ್ಲಿ ಗಾಯದ ಅಂಗಾಂಶ ಬೆಳೆಯುತ್ತದೆ, ಉಜ್ಜುವುದು ನಿಲ್ಲುತ್ತದೆ.

ಆದರೆ ಮೂಳೆ ತೆಗೆದ ಮೇಲೆ ಹೆಬ್ಬೆರಳು ಕುಸಿದು ಹಿಡಿತ ಸಡಿಲವಾದರೆ? ಮುಂದಿನ ಐವತ್ತು ವರ್ಷ ಸರ್ಜನ್‌ಗಳನ್ನು ಕಾಡಿದ್ದು ಈ ಭಯ. 1970ರಲ್ಲಿ ಫ್ರಾಯಿಮ್ಸನ್ ರೋಗಿಯದೇ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಸುರುಳಿ ಸುತ್ತಿ ಆ ಜಾಗಕ್ಕೆ ತುಂಬಿದರು. ಸ್ವಾನ್ಸನ್ ಸಿಲಿಕೋನ್ ಮೂಳೆ ಇಟ್ಟರು. ಅದು ಜಾರುತ್ತಿತ್ತು, ಸವೆದ ಪುಡಿಯಿಂದ ಸುತ್ತಲೂ ಉರಿಯೂತವಾಗುತ್ತಿತ್ತು. 1986ರಲ್ಲಿ ಬರ್ಟನ್ ಮತ್ತು ಪೆಲ್ಲೆಗ್ರಿನಿ ಮುಂಗೈಯ ಒಂದು ಟೆಂಡನ್ನಿನ ಭಾಗವನ್ನು ಬಿಡಿಸಿ, ಹೆಬ್ಬೆರಳ ಮೂಳೆಗೆ ರಂಧ್ರ ಕೊರೆದು ತೂರಿಸಿ, ಹೊಸ ಲಿಗಮೆಂಟ್ (ಮೂಳೆಗೆ ಮೂಳೆಯನ್ನು ಹಿಡಿದಿಡುವ ಕಟ್ಟು) ಮಾಡಿ, ಉಳಿದದ್ದನ್ನು ಸುತ್ತಿ ಖಾಲಿ ಜಾಗಕ್ಕೆ ಇಡುವ ವಿಧಾನ ಪ್ರಕಟಿಸಿದರು. ಅಮೆರಿಕದಲ್ಲಿ ಅದೇ ರೂಢಿಯಾಯಿತು.

ನನ್ನ ಮಟ್ಟಿಗೆ ಈ ಕಥೆಯ ಮುಖ್ಯ ಘಟ್ಟ 2004. ಇಂಗ್ಲೆಂಡಿನ ಡೇವಿಸ್, ಬ್ರೇಡಿ ಮತ್ತು ಡಿಯಾಸ್ 183 ಹೆಬ್ಬೆರಳುಗಳ ಮೇಲೆ ಮೂರು ವಿಧಾನಗಳನ್ನು ಹೋಲಿಸಿದರು: ಬರೀ ಮೂಳೆ ತೆಗೆಯುವುದು, ತೆಗೆದು ಟೆಂಡನ್ ತುಂಬುವುದು, ತುಂಬಿ ಲಿಗಮೆಂಟನ್ನೂ ಕಟ್ಟುವುದು. ಯಾರಿಗೆ ಯಾವುದು ಎಂದು ಚೀಟಿ ಎತ್ತಿದಂತೆ ನಿರ್ಧಾರ. ಒಂದು ವರ್ಷದ ನಂತರ ನೋವಿನಲ್ಲಾಗಲಿ, ಹಿಡಿತದ ಬಲದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. 2012ರಲ್ಲಿ ಪ್ರಕಟವಾದ, ಐದು ವರ್ಷಕ್ಕೂ ಮೀರಿದ ಫಲಿತಾಂಶವೂ ಅದನ್ನೇ ಹೇಳಿತು. ಅಂದರೆ ಹೆಚ್ಚುವರಿ ಕೊಯ್ತ, ಹೆಚ್ಚುವರಿ ಸಮಯ, ಒಂದು ಒಳ್ಳೆಯ ಟೆಂಡನ್, ಇಷ್ಟೆಲ್ಲ ಕೊಟ್ಟು ರೋಗಿಗೆ ಸಿಕ್ಕಿದ್ದು ಏನೂ ಇಲ್ಲ. ಇಷ್ಟಾದರೂ ಟೆಂಡನ್ ವಿಧಾನ ಇವತ್ತಿಗೂ ಧಾರಾಳವಾಗಿ ನಡೆಯುತ್ತಿದೆ. ಇದು ಸರಿಯಲ್ಲ ಎಂದೇ ನನ್ನ ಅನಿಸಿಕೆ.

ಕೃತಕ ಕೀಲಿನದು ಬೇರೆ ದಾರಿ. 1970ರ ದಶಕದಲ್ಲಿ ಫ್ರಾನ್ಸಿನ ದ ಲಾ ಕಫಿನಿಯೇರ್ ಸೊಂಟದ ಕೀಲಿನ ಮಾದರಿಯಲ್ಲೇ ಗುಂಡು ಮತ್ತು ಬಟ್ಟಲಿನ ಕೀಲು ಮಾಡಿದರು. ಬಟ್ಟಲು ಸಡಿಲವಾಗುವುದೇ ದೊಡ್ಡ ತೊಂದರೆ. ಈಗಿನ ಕೀಲುಗಳು ಜಾರುವುದು ಕಡಿಮೆ, ಕೈ ಬೇಗ ಕೆಲಸಕ್ಕೆ ಬರುತ್ತದೆ, ಯೂರೋಪಿನಲ್ಲಿ ಬಳಕೆಯೂ ಹೆಚ್ಚುತ್ತಿದೆ. ಖರ್ಚು ಜಾಸ್ತಿ, ಕೆಟ್ಟರೆ ಮತ್ತೊಂದು ಆಪರೇಷನ್.

ಇದೆಲ್ಲ ಕೊನೆಯ ಹಂತದ ಮಾತು. ಮೊದಲು ಹೆಬ್ಬೆರಳ ಪಟ್ಟಿ, ವ್ಯಾಯಾಮ, ಬೇಕಾದರೆ ಇಂಜೆಕ್ಷನ್. ಎಕ್ಸ್‌ರೇಯಲ್ಲಿ ಕೀಲು ಪೂರ್ತಿ ಹಾಳಾದಂತೆ ಕಂಡರೂ ಎಷ್ಟೋ ಜನಕ್ಕೆ ಅಷ್ಟು ನೋವಿರುವುದಿಲ್ಲ. ಫಿಲ್ಮ್ ನೋಡಿ ಮಾತ್ರ ಆಪರೇಷನ್ ನಿರ್ಧರಿಸುವಂತಿಲ್ಲ. ಮೂಳೆ ತೆಗೆಸಿಕೊಂಡವರಿಗೆ ಕೆಲವು ವಾರ ಪ್ಲಾಸ್ಟರ್ ಅಥವಾ ಪಟ್ಟಿ ಇರುತ್ತದೆ. ಕೈ ಪೂರ್ತಿ ಪಳಗಲು ತಿಂಗಳುಗಳೇ ಬೇಕು. ಮನೆಯವರು ಅಷ್ಟು ದಿನ ಕಾಯಿ ತುರಿದುಕೊಡಲೇಬೇಕು.